ಕಬ್ಬಿನೊಳಗೆ ಕಳೆದ ಸಿಗ್ನಲ್

ನಿಮ್ಮ ಸಂಶೋಧನೆ ಏನು ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಬದಲಿಸದಿದ್ದಾಗಲೆಲ್ಲ ಹೀಗೇ ಏನಾದರೊಂದು ಆಗಿದೆ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳೆದ ಕಬ್ಬಿನಲ್ಲಿ ಮೊಬೈಲಿನ ಅಲೆಗಳು ಹೇಗೆ ಚದುರುತ್ತವೆ ಎಂಬುದು ನನ್ನ ಪಿಎಚ್.ಡಿ. ವಿಷಯ.

೧. ಓಣಿ

ಈ ಪ್ರಶ್ನೆ ಕೊಟ್ಟವರೇ ಅಕ್ಕೋಳದ ಒಬ್ಬ ರೈತರು. "ಕಬ್ಬು ಆಳೆತ್ತರ ಆತಂದ್ರ ಒಳಗ ಫೋನ್ ಹತ್ತೂದಿಲ್ಲ, ಕಡದ್ರ ಹತ್ತತೈತಿ. ಯಾಕ್ರಿ ಸರ್?"

ಅಲೆ ಕಬ್ಬಿನ ಒಂದೊಂದು ಗಣಿಕೆಗೂ ಬಡಿದು ಚದುರುತ್ತದೆ ಎಂದೆ.

"ಹಂಗಾರ ಒಂದು ಗಣಿಕೀದು ಲೆಕ್ಕಾ ಹಾಕಿ ಗುಣಸ್ರಿ."

"ಆಗೂದಿಲ್ರಿ. ಒಂದು ಚದರಿಸಿದ್ದು ಇನ್ನೊಂದಕ್ಕ ಬಡೀತೈತಿ, ಅದು ಹತ್ತಕ್ಕ ಹಂಚತೈತಿ, ಕಡೀಗೆ ಮೊದಲಿನದಕ್ಕೂ ತಿರುಗಿ ಬರತೈತಿ."

"ಇದು ಕಬ್ಬಲ್ರಿ ಸರ್, ನಮ್ಮ ಓಣಿ."

೨. ಬದು

ಅವರ ಕಬ್ಬಿಗೆ ಕಾರ್ಖಾನೆಯಿಂದ ಕಟಾವಿನ ಪಾಳಿ ಬಂತು. ಉಳಿದದ್ದು ನಾಲ್ಕೇ ದಿನ. ಅಷ್ಟರೊಳಗೆ ಸಿಗ್ನಲ್ ಎಷ್ಟು ಒಳಗೆ ಹೋದರೆ ತಪ್ಪುತ್ತದೆ ಎಂಬ ಲೆಕ್ಕ ಮುಗಿಸಿ, ನಿಂತ ಕಬ್ಬಿನಲ್ಲೇ ಪರೀಕ್ಷಿಸಬೇಕು. ತಪ್ಪಿದರೆ ಮುಂದಿನ ವರ್ಷ. ಒಂದು ಕಂಪ್ಯೂಟರಿಗೆ ಅದು ತಿಂಗಳ ಕೆಲಸ. ಹೊಲವನ್ನು ಹದಿನಾರು ತುಂಡು ಮಾಡಿ ಲ್ಯಾಬಿನ ಹದಿನಾರು ಕಂಪ್ಯೂಟರಿಗೆ ಹಂಚಿದೆ. ಪ್ರತಿಯೊಂದೂ ತನ್ನ ಬದುವಿನ ಮೇಲಿನ ಸುದ್ದಿಯನ್ನು ಪಕ್ಕದ್ದಕ್ಕೆ ತಿಳಿಸುತ್ತಲೇ ಇರಬೇಕು ಎಂದು ಲ್ಯಾಬಿನ ಅಟೆಂಡರಿಗೆ ವಿವರಿಸಿದೆ.

"ಮಗ್ಗಲದವ್ರ ಕೂಡ ದಿನಾ ಮಾತಾಡಬೇಕ್ರಿ?"

"ಕ್ಷಣಕ್ಕೊಮ್ಮೆ."

"ನಾವು ಅಣ್ಣತಮ್ಮರು ಹೊಲಾ ಭಾಗಾ ಮಾಡಿಕೊಂಡದ್ದ ಮಾತು ಬಿಡಾಕ್ರಿ."

೩. ಹಳೆಯದು

ಹದಿನಾರರಲ್ಲಿ ಒಂದು ಬಹಳ ಹಳೆಯದು. ಸಮಪಾಲು ಹಂಚಿದ್ದು ನನ್ನ ತಪ್ಪು. ಅದರ ಸುದ್ದಿಗಾಗಿ ಉಳಿದವೆಲ್ಲ ಕಾಯುತ್ತಿದ್ದವು. ಎರಡನೆಯ ದಿನ ಹೋಗಿ ನೋಡಿದರೆ ಯಾವುದೂ ನಡೆಯುತ್ತಿಲ್ಲ.

"ಒಂದರ ಸಲುವಾಗಿ ಹದಿನೈದು ಕಾಯ್ಕೋತ ಕುಂತದ್ದು ನೋಡಾಕ ಆಗ್ಲಿಲ್ರಿ," ಎಂದರು ಅಟೆಂಡರು. "ಅದನ್ನ ಬಂದ್ ಮಾಡಿಬಿಟ್ನಿ."

"ಈಗ?"

"ಈಗ ಎಲ್ಲಾವೂ ಆರಾಮ ಅದಾವ್ರಿ."

೪. ಚಪ್ಪಲಿ

ಹಳೆಯದಕ್ಕೆ ಸಣ್ಣ ತುಂಡು ಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದೆ. ನಾಲ್ಕನೆಯ ಬೆಳಿಗ್ಗೆ ಉತ್ತರ ಬಂತು: ಬದುವಿನಿಂದ ನಲವತ್ತು ಹೆಜ್ಜೆ ಒಳಗೆ ನಡೆದಾಗ ಸಿಗ್ನಲ್ ತಪ್ಪಬೇಕು. ಅಕ್ಕೋಳಕ್ಕೆ ಓಡಿದೆ. ಕಡಿಯುವ ಗ್ಯಾಂಗು ಆಗಲೇ ಕುಡುಗೋಲು ಮಸೆಯುತ್ತಿತ್ತು.

ನನ್ನ ನಲವತ್ತನ್ನು ರೈತರಿಗೆ ಹೇಳಲಿಲ್ಲ. "ಫೋನಿನ್ಯಾಗ ನನ್ನ ಕೂಡ ಮಾತಾಡ್ಕೋತ ಒಳಗ ಹೋಗ್ರಿ. ಸಿಗ್ನಲ್ ಹೋದಕೂಡಲೆ ಹೇಳ್ರಿ," ಎಂದೆ.

ನುಗ್ಗಿದರು. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಬಹಳ ಹೊತ್ತಾದ ಮೇಲೆ ಫೋನ್ ಬಂತು.

"ಸರ್, ಸಿಗ್ನಲ್ ಹೋಗಿತ್ರಿ!"

"ಎಲ್ಲಿ?"

"ಅದನ್ನ ಹೇಳಾಕ ಫೋನ್ ಹಚ್ಚಿಕೋತ ನಡದ್ನಿ, ಹತ್ತಲಿಲ್ಲ. ಆಚೀ ಬದುವಿಗೆ ಬಂದ ಮ್ಯಾಲ ಹತ್ತೇತಿ."

ತಲೆಯ ಮೇಲೆ ಕೈ ಹೊತ್ತು ಕುಳಿತೆ. ಗ್ಯಾಂಗು ಎದ್ದು ನಿಂತಿತ್ತು.

"ಚಿಂತಿ ಮಾಡಬ್ಯಾಡ್ರಿ," ಎಂದರು ರೈತರು ಫೋನಿನಲ್ಲೇ. "ಹೋದ ಜಾಗಾದಾಗ ಒಂದು ಚಪ್ಪಲಿ ಬಿಟ್ಟು ಬಂದೇನಿ."

ಇಬ್ಬರೂ ಹುಡುಕಿದೆವು. ಚಪ್ಪಲಿ ಮೂವತ್ತೆಂಟನೆಯ ಹೆಜ್ಜೆಗೆ ಸಿಕ್ಕಿತು. ಎರಡೇ ಹೆಜ್ಜೆ ವ್ಯತ್ಯಾಸ! ಖುಷಿ ತಡೆಯಲಾರದೆ ಹದಿನಾರು ಕಂಪ್ಯೂಟರುಗಳ ನಾಲ್ಕು ದಿನದ ಕಥೆಯನ್ನೆಲ್ಲ ಹೇಳಿದೆ.

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನನ್ನು ಕನಿಕರದಿಂದ ನೋಡಿದರು.

"ಮೊದಲ ಹೇಳಬಾರದೇನ್ರಿ ಸರ್? ಒಂದ ಚಪ್ಪಲೀ ಕೆಲಸ ಇತ್ತು."