ಹಿಕರಿ ಎಲೆಯ ಗುಳ್ಳೆ

ಗಾಳಿಗೆ ಉದುರಿದ ಹಿಕರಿ ಎಲೆಯೊಂದು ಪಕ್ಕದ ಮನೆಯ ಡೆಸ್ಸಿಯ ಟೋಪಿಯ ಮೇಲೆಯೇ ಬಿತ್ತು. ಓರ್ಬಿನ್ ಟ್ಯಾಕೆಟ್‌ನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದ.

ಕೆಂಟಕಿಯ ಆ ಕಣಿವೆಯವರೆಲ್ಲ ಕೂಡಿ ಉಣ್ಣುವ ಚರ್ಚಿನ ವಾರ್ಷಿಕ ಊಟ ಅಂದು. ಹಂದಿಮಾಂಸ ಬೇಯಿಸುವ ಗೌರವ ಹದಿನಾಲ್ಕು ವರ್ಷ ಕಾದ ಮೇಲೆ ಓರ್ಬಿನ್‌ಗೆ ದಕ್ಕಿತ್ತು. ಊಟವೂ ಅವನ ಅಂಗಳದಲ್ಲೇ. ಅಲ್ಲಿನ ಹಿಕರಿ ಮರದ ಕೆಳಗೆ, ಅದೇ ಮರದ ಕಟ್ಟಿಗೆಯ ಹೊಗೆಯಲ್ಲಿ ಮಾಂಸ ಬೇಯುತ್ತಿತ್ತು. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಅವನು ಒಲೆಯ ಸುತ್ತ ಶತಪಥ ಹಾಕುತ್ತಿದ್ದ.

ಡೆಸ್ಸಿ ಎಲೆ ತಿರುವಿ ನೋಡಿದಳು. ಅಡಿಯಲ್ಲಿ ಮೈತುಂಬ ಸಾಸಿವೆ ಕಾಳಿನಂಥ ಗುಳ್ಳೆಗಳು.

"ಅಯ್ಯೋ ದೇವ್ರೇ! ಓರ್ಬಿನ್, ನಿನ್ ಮರಕ್ಕೆ ಸಿಡುಬು ಎದ್ದಿದೆಯಲ್ಲೋ!"

"ಎದ್ದಿರೋದು ಎಲೆಗಮ್ಮ. ನಾನು ಸುಡ್ತಿರೋದು ಕಟ್ಟಿಗೆ."

"ಸಿಡುಬು ಬಂದ್ರೆ ಮುಖಕ್ಕೊಂದೇ ಬರುತ್ತಾ? ಮೈಗೆಲ್ಲಾ ಬರಲ್ವಾ?"

ಅರ್ಧ ಗಂಟೆಯಲ್ಲಿ ಸುದ್ದಿ ಕಣಿವೆಯೆಲ್ಲ ಸುತ್ತಿತು. ತಾಯಂದಿರು ಮಕ್ಕಳ ಮೂಗಿಗೆ ಕರವಸ್ತ್ರ ಕಟ್ಟಿದರು. ಓರ್ಬಿನ್‌ನ ಭಾಮೈದ ಹೋಬರ್ಟ್ ಉಪಕಾರದ ಹುರುಪಿನಲ್ಲಿ ಓಡಿಬಂದು ಒಲೆಗೆ ಒಂದು ಬಕೆಟ್ ನೀರು ಸುರಿದೇಬಿಟ್ಟ.

"ಹೊಗೆಯಿಂದ್ಲೇ ಹರಡುತ್ತಂತೆ ಭಾವ!"

"ನಿನ್ ತಲೆ ಹರಡುತ್ತೆ!"

ಮತ್ತೆ ಬೆಂಕಿ ಹೊತ್ತಿಸಿ, ಓರ್ಬಿನ್ ಆ ಎಲೆ ಹಿಡಿದು ಟ್ರಕ್ ಹತ್ತಿದ. ಹೊಳೆಯಾಚೆ ಮಿಸ್ ಇಮೊಜೀನ್ ಇದ್ದರು. ನಲವತ್ತು ವರ್ಷ ಶಾಲೆಯಲ್ಲಿ ಗಿಡಮರ, ಹುಳಹುಪ್ಪಟೆಯ ಪಾಠ ಹೇಳಿದವರು. ಅವರ ಮಾತಿಗೆ ಪಾದ್ರಿಯೂ ಎದುರಾಡುತ್ತಿರಲಿಲ್ಲ.

"ರೋಗಾನೂ ಇಲ್ಲ, ಮಣ್ಣೂ ಇಲ್ಲ," ಎಂದು ಅವರು ನಕ್ಕರು. "ಸೊಳ್ಳೆಯಂಥ ಒಂದು ನುಸಿ ಮಾಡೋ ಕೆಲಸ ಇದು. ಮರಕ್ಕೂ ತೊಂದ್ರೆಯಿಲ್ಲ, ಮನುಷ್ಯರಿಗೂ ಇಲ್ಲ."

"ನಿಮ್ಮ ದಮ್ಮಯ್ಯ ಮಿಸ್, ಇಷ್ಟನ್ನ ಅಲ್ಲಿ ಬಂದು ಹೇಳಿಬಿಡಿ!"

ಅವರು ಬಂದರು. "ಅಪಾಯವೇನಿಲ್ಲ!" ಎಂದು ಶಾಲೆಯ ಗಂಟಲಲ್ಲೇ ಸಾರಿದರು. ಜನ ಸಮಾಧಾನದಿಂದ ಸಾಲುಗಟ್ಟಿದರು. ಡೆಸ್ಸಿಯೇ ಎಲ್ಲರಿಗಿಂತ ಮೊದಲು ತಟ್ಟೆ ಚಾಚಿದಳು. ಓರ್ಬಿನ್ ಕಣ್ಣೊರೆಸಿಕೊಂಡು ಇಕ್ಕಳದಲ್ಲಿ ಮೊದಲ ತುಂಡು ಎತ್ತಿದ.

ಆದರೆ ಮೇಷ್ಟರಾಗಿದ್ದವರು ಪಾಠ ಅರ್ಧಕ್ಕೆ ನಿಲ್ಲಿಸುವುದುಂಟೇ? ಮಿಸ್ ಇಮೊಜೀನ್ ಚಾಕುವಿನ ತುದಿಯಿಂದ ಗುಳ್ಳೆಯೊಂದನ್ನು ಸೀಳಿ, ಸಾಲಿನ ಉದ್ದಕ್ಕೂ ತೋರಿಸುತ್ತಾ ಹೊರಟರು.

"ನೋಡಿ, ಒಳಗೆ ಕಿತ್ತಳೆ ಬಣ್ಣದ ಹುಳ! ಎಷ್ಟು ಮುದ್ದಾಗಿದೆ! ಗುಳ್ಳೆಗೊಂದರಂತೆ, ಈ ಮರದಲ್ಲಿ ಏನಿಲ್ಲ ಅಂದ್ರೂ ಲಕ್ಷ ಇರ್ತಾವೆ. ಉದುರೋ ಕಾಲಾನೂ ಇದೇ!"

ಎಲ್ಲರೂ ಒಮ್ಮೆ ಮೇಲೆ ಮರವನ್ನು ನೋಡಿದರು, ಒಮ್ಮೆ ಕೆಳಗೆ ಮಾಂಸವನ್ನು ನೋಡಿದರು. ಸಾಲು ಸದ್ದಿಲ್ಲದೆ ಕರಗಿ, ಬೇಯಿಸಿದ ಆಲೂಗಡ್ಡೆ ಇಟ್ಟಿದ್ದ ದೂರದ ಮೇಜಿನ ಮುಂದೆ ಬೆಳೆಯಿತು.

ಒಲೆಯ ಬಳಿ ಮಿಸ್ ಇಮೊಜೀನ್ ಒಬ್ಬರೇ ಉಳಿದರು.

"ನೀವಾದ್ರೂ ಒಂದು ತುಂಡು ತಗೊಳ್ಳಿ ಮಿಸ್," ಎಂದ ಓರ್ಬಿನ್, ಇಕ್ಕಳ ಮುಂದೆ ಚಾಚುತ್ತಾ.

"ನಾನು ಮಾಂಸ ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲೋ ಮಗಾ! ಅಂಥ ಎಲೆ ಇನ್ನೊಂದು ನಾಲ್ಕು ಇದ್ರೆ ಕಿತ್ಕೊಡು."