ಗಾದಿ ಅಂಗಡಿಯ ಇಟಲಿ ಕಾರು

ಕಾರು ಇನ್ನೇನು ಬಂದೇಬಿಡುತ್ತದೆ, ಎದ್ದು ಹೋಗಬೇಡಿ. ಅದು ಬರುವುದರೊಳಗೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕಾರುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಫೋನು ಹೇಳಿಕೊಟ್ಟದ್ದು. ಮಸ್ಕಿಯಲ್ಲಿ ನಮ್ಮದೊಂದು ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ ಇದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಟರ್ಬೊ ಅಂದರೇನು, ಸಸ್ಪೆನ್ಶನ್ ಯಾಕೆ ಬಿಗಿ ಇರುತ್ತದೆ, ಎಂಜಿನ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುವುದು ಹೇಗೆ ಎಂಬುದನ್ನೆಲ್ಲ ಒಬ್ಬನೇ ಕಲಿತವನು ನಾನು. ಕಲಿತದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಗ್ರಾಫ್ ಹಾಳೆ ಕೇಳಲು ಬಂದವರಿಗೆ ಗ್ರಾಫ್ ಹಾಳೆಯ ಜೊತೆ ಗೇರ್‌ಬಾಕ್ಸಿನ ವಿಚಾರವೂ ಪುಕ್ಕಟೆ ಸಿಗುತ್ತದೆ. ನಮ್ಮೂರಲ್ಲಿ ಯಾರು ಕಾರು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾರೆ. ಆಮೇಲೆ ನಾನು ಬೇಡ ಅಂದ ಕಾರನ್ನೇ ತರುತ್ತಾರೆ. ಇಷ್ಟೆಲ್ಲ ಪಂಡಿತನಾದ ನಾನು ಸ್ವಂತಕ್ಕೆ ಓಡಿಸುವುದು ಅಪ್ಪನ ಸ್ಕೂಟರ್. ಅದಕ್ಕೆ ಸದ್ದು ಮಾತ್ರ ಇದೆ, ಆರೋಗ್ಯ ಇಲ್ಲ.

ಅಂಥ ನಮ್ಮ ಮನೆಯಲ್ಲಿ ಈ ವರ್ಷ ಒಂದು ಹಳೆಯ ಕಾರು ಕೊಳ್ಳುವ ಮಾತು ಬಂತು. ಅವ್ವನಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಯಾವ ಕಾರು ಅಂತ ಅಪ್ಪ ಕೇಳುವ ಮೊದಲೇ ನನ್ನ ಹತ್ತಿರ ಉತ್ತರ ಇತ್ತು. ಇಟಲಿಯ ಒಂದು ಕಂಪನಿ ಕೆಲವು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಒಂದು ಸಣ್ಣ ಕಾರು ಮಾರಿತ್ತು. ನೋಡಲು ಸಂಸಾರಸ್ಥರ ಕಾರು. ಐದು ಬಾಗಿಲು, ಐದು ಜನರಿಗೆ ಜಾಗ, ಹಿಂದೆ ಚೀಲ ಇಡಲು ಡಿಕ್ಕಿ. ಒಳಗಿರುವುದು ಮಾತ್ರ ರೇಸಿಗೆ ಹೊರಟ ಎಂಜಿನ್. ಯಾರೂ ಕೊಳ್ಳಲಿಲ್ಲ. ಕಂಪನಿ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿತು. ಅದಕ್ಕೇ ಅದು ಎಲ್ಲೋ ಒಂದೊಂದು ಉಳಿದಿದೆ, ಸಿಕ್ಕರೆ ಪುಣ್ಯ. ಅಂಥದ್ದು ನನಗೆ ಬೆಂಗಳೂರಲ್ಲಲ್ಲ, ಹೈದರಾಬಾದಿನಲ್ಲಲ್ಲ, ನಮ್ಮ ಸಿಂಧನೂರಿನಲ್ಲೇ ಸಿಕ್ಕಿತು. ಫೋನಿನಲ್ಲಿ ಅದರ ಫೋಟೊ ನೋಡಿದ ದಿನ ನಾನು ಒಬ್ಬ ಗಿರಾಕಿಗೆ ಪೆನ್ಸಿಲ್ ಬದಲು ಮೇಣದಬತ್ತಿ ಕೊಟ್ಟು ಕಳಿಸಿದ್ದೆ. ಅಪ್ಪ ಹೇಳಿದ್ದು ಒಂದೇ ಮಾತು: "ನಿಮ್ಮವ್ವ ಹೂಂ ಅಂದ್ರ ನಂದೂ ಹೂಂ. ಆಕಿ ಒಲ್ಲೆ ಅಂದ್ರ ಆ ಗಾಡಿ ಹೆಸರು ಮನ್ಯಾಗ ಎತ್ತಬ್ಯಾಡ."

ಕಾರಿನ ಮಾಲೀಕರು ಖಾಜಾಸಾಬರು. ಅವರದು ಗಾದಿ ಅಂಗಡಿ. ಹತ್ತಿ ತುಂಬಿ ಗಾದಿ, ದಿಂಬು ಹೊಲಿಯುವುದು ಅಜ್ಜನ ಕಾಲದಿಂದ ಬಂದ ಕೆಲಸ. ದಿನವಿಡೀ ಮೆತ್ತನೆಯ ಸಾಮಾನಿನ ನಡುವೆ ಕೂರುವ ಮನುಷ್ಯನಿಗೆ ಇಡೀ ರಾಯಚೂರು ಜಿಲ್ಲೆಯಲ್ಲಿ ಎಲ್ಲಕ್ಕಿಂತ ಬಿರುಸಾದ ಕಾರು ಗಂಟುಬಿದ್ದಿತ್ತು. ಹೈದರಾಬಾದಿನ ಅವರ ಷಡ್ಡಕರು ದುಬೈಗೆ ಹೋಗುವಾಗ ಇವರ ಕೈಗೆ ದಾಟಿಸಿ ಹೋದದ್ದು. "ತಮ್ಮಾ, ನಾ ಸುಳ್ಳ ಹೇಳಂಗಿಲ್ಲ," ಅಂತ ಅವರು ಫೋನಿನಲ್ಲೇ ಹೇಳಿದ್ದರು, "ಗಾಡಿ ಬಾಳ ಬಿರುಸು ಐತಿ. ನಮ್ಮ ಮನ್ಯಾಗ ಯಾರೂ ಕುಂದ್ರಾಕ ಒಲ್ಲರು. ಒಯ್ದುಬಿಡು." ಇಷ್ಟು ಪ್ರಾಮಾಣಿಕರಾದ ಮಾಲೀಕರು, ಇಷ್ಟು ಅಪರೂಪದ ಕಾರು. ಅವ್ವನ ಒಂದು ಹೂಂ ಮಾತ್ರ ಬಾಕಿ ಇತ್ತು.

ಅವ್ವನನ್ನು ಹೇಗೋ ಬಸ್ಸು ಹತ್ತಿಸಿ ಸಿಂಧನೂರಿಗೆ ಕರೆದುಕೊಂಡು ಹೋದೆ. ಟೆಸ್ಟ್ ಡ್ರೈವ್ ಅಂದರೆ ಅಂಗಡಿಯ ಸುತ್ತ ಒಂದು ಸುತ್ತು ಅಂದುಕೊಂಡಿದ್ದೆ. ಅವ್ವ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡೇ ಬಂದಿದ್ದಳು. "ಓಣ್ಯಾಗ ಒಂದ್ ಸುತ್ತ ಹೊಡದ್ರ ಏನ್ ತಿಳಿತೈತಿ? ಲಿಂಗಸುಗೂರಿಗೆ ನಿಮ್ಮ ಚಿಕ್ಕವ್ವನ ಮನಿತನಾ ಹೋಗಿ ಬರೂಣು," ಅಂದಳು. ಖಾಜಾಸಾಬರು ಪಾಪ, ಅಂಗಡಿ ತಮ್ಮನಿಗೆ ಒಪ್ಪಿಸಿ ಹಿಂದಿನ ಸೀಟಿನಲ್ಲಿ ಕೂತರು. ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲಂತೆ.

ಕೂರುವ ಮುಂಚೆ ಅವ್ವ ಕಾರನ್ನು ಒಂದು ಸುತ್ತು ಹಾಕಿದಳು. ಗಡಿಗೆ ಬಾರಿಸಿ ನೋಡುವ ಹಾಗೆ ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಾರಿಸಿದಳು. ಮೂಗು ಮುರಿದಳು. "ಇದೇನ್ರಿ ಸಾಬ್ರ, ಗಾಡಿ ಹಿಂಗ ನೆಲಕ್ಕ ಕುಂತೈತಿ?"

"ಹೌದ್ರಿ ಅಕ್ಕಾರ," ಅಂದರು ಖಾಜಾಸಾಬರು ತಪ್ಪು ಒಪ್ಪಿಕೊಳ್ಳುವವರ ಹಾಗೆ.

ಇನ್ನೂ ಕೀಲಿ ತಿರುವಿಲ್ಲ, ಆಗಲೇ ಅವ್ವನ ಮುಖ ಹೀಗಿದೆ. "ಅವ್ವಾ, ತಗ್ಗಿದ್ದದ್ದಕ್ಕ ಅದು ತಿರುವಿನ್ಯಾಗ ವಾಲಂಗಿಲ್ಲ, ರಸ್ತೆ ಬಿಡಂಗಿಲ್ಲ. ಮತ್ತ ನೋಡು, ನಿನ್ನ ಮೊಣಕಾಲಿಗೂ ಹತ್ತೋ ತ್ರಾಸ ಇಲ್ಲ, ಕುಂತ್ರ ಆತು," ಅಂದೆ. ಅವ್ವ ನನ್ನನ್ನು ಒಂದು ಥರ ನೋಡಿದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

ಸ್ಟೇರಿಂಗಿಗೆ ನಾನು, ಪಕ್ಕದಲ್ಲಿ ಅವ್ವ; ಊರು ದಾಟುವವರೆಗೆ ಭತ್ತದ ಲಾರಿಗಳ ಹಿಂದೆ ತೆವಳಿದೆವು. ಕಾಲುವೆ ನೀರಿನ ಹಸಿರು ಗದ್ದೆಗಳು ಶುರುವಾದ ಮೇಲೆ ಕಾರು ಉಸಿರಾಡಿತು. ರಸ್ತೆಯ ಒಂದೊಂದು ಕುಣಿಯೂ ಬೆನ್ನಿಗೆ ಬಂದು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಿತ್ತು. "ಏನ್ ಗಾಡ್ಯೋ ಇದು, ನಡಾ ಮುರಿತೈತಿ," ಅಂದಳು ಅವ್ವ, ಹಿಂದಿನ ಸೀಟಿಗೆ ಕೇಳುವಷ್ಟು ಜೋರಾಗಿ.

"ನಮ್ಮ ಮನ್ಯಾಗ ಇದನ್ನ ಎತ್ತಿನ ಬಂಡಿ ಅಂತಾರ್ರಿ," ಅಂದರು ಖಾಜಾಸಾಬರು.

ಇಬ್ಬರೂ ಸೇರಿ ನನ್ನ ಕಾರನ್ನು ಕೊಲ್ಲುತ್ತಿದ್ದರು. ನಾನು ವಕೀಲನಾದೆ. ಸಸ್ಪೆನ್ಶನ್ ಬಿಗಿ ಇರುವುದು ಕೆಟ್ಟದ್ದಕ್ಕಲ್ಲ, ಬೇಕೆಂದೇ ಹಾಗೆ ಮಾಡಿದ್ದು; ಮೆತ್ತಗಿದ್ದರೆ ಜೋರಾಗಿ ಹೋಗುವಾಗ ಕಾರು ತೊಟ್ಟಿಲಾಗುತ್ತದೆ ಅಂತ ವಾದಿಸಿದೆ. ಅವ್ವ ಸ್ಟೇರಿಂಗ್ ಬಿಗಿ ಕಾಣುತ್ತದೆ, ನಿನ್ನ ಕೈ ನೋಯುವುದಿಲ್ಲವೇ ಅಂದಳು. ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗಬೇಕು, ಈಗಿನ ಕಾರುಗಳಲ್ಲಿ ಅಂಥ ಸ್ಟೇರಿಂಗ್ ಎಲ್ಲಿದೆ ಅಂದೆ. ಅವ್ವ ಸದ್ದು ಬಹಳ ಅಂದಳು. ಅದು ಸದ್ದಲ್ಲ, ಎಂಜಿನ್ನಿನ ದನಿ ಅಂದೆ. ನಾಲ್ಕು ವರ್ಷ ಫೋನಿನಲ್ಲಿ ಕಲಿತದ್ದು ಒಂದು ತಾಸಿನಲ್ಲಿ ಕೆಲಸಕ್ಕೆ ಬರುತ್ತಿತ್ತು.

ಆಮೇಲೆ ಖಾಜಾಸಾಬರ ತಲೆ ನಮ್ಮಿಬ್ಬರ ಸೀಟುಗಳ ನಡುವೆ ಬಂತು. "ತಮ್ಮಾ, ಅಂದ್ರ ಇದು ಕೆಟ್ಟಿಲ್ಲೇನು?"

"ಕೆಟ್ಟಿಲ್ರಿ! ಇಟಲ್ಯಾಗ ಹಿಂಗ ಮಾಡಿ ಕಳಿಸ್ಯಾರ."

"ಮತ್ತ ಜೋರ್ ಒತ್ತಿದ್ರ ಸಣ್ಣಂಗ ಸೀಟಿ ಹೊಡಿತೈತಲ್ಲ? ಎಲ್ಲೋ ಪೈಪ್ ತೂತು ಬಿದ್ದೈತಿ ಅಂತ ಮೂರು ಮೇಸ್ತ್ರಿಗೆ ತೋರಿಸೀನಿ. ಸೀಟಿ ಬಂದ ಕೂಡ್ಲೆ ಹೆದರಿ ಕಾಲು ತೆಗೀತೀನಿ."

"ಅಯ್ಯೋ ಸಾಬ್ರ, ಅದು ಟರ್ಬೊರಿ! ಅದು ಸೀಟಿ ಹೊಡದ ಮ್ಯಾಲೇ ಗಾಡಿ ಶುರು ಆಗೂದು!"

ಅಂದರೆ ಖಾಜಾಸಾಬರು ಎರಡು ವರ್ಷ ಆ ಕಾರು ಓಡಿಸಿದ್ದರೂ ಶುರು ಮಾಡಿಯೇ ಇರಲಿಲ್ಲ. ನನಗೆ ಅವರ ಮೇಲೆ ಕನಿಕರ ಬಂತು. ಕನಿಕರ ಬಂದಾಗ ನನಗೆ ಮಾತು ಇನ್ನೂ ಜಾಸ್ತಿ. ಅವ್ವ ನನ್ನ ತೊಡೆಗೆ ಒಮ್ಮೆ ಚಿವುಟಿದಳು. ರಸ್ತೆಯ ಮೇಲೆ ಗಮನ ಇರಲಿ ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ.

ಮಸ್ಕಿ ಬಂತು, ಗುಡ್ಡ ಹಿಂದೆ ಸರಿಯಿತು. ಗದ್ದೆ ಮುಗಿದು ತೊಗರಿ, ಹತ್ತಿಯ ಒಣ ಹೊಲಗಳ ನಡುವೆ ರಸ್ತೆ ಉದ್ದಕ್ಕೆ ಖಾಲಿ ಮಲಗಿತ್ತು. ಮೂರನೇ ಗೇರಿಗೆ ಹಾಕಿ ಒತ್ತಿದೆ. ಸೀಟಿ ಬಂತು. ನಾನು ಕಾಲು ತೆಗೆಯಲಿಲ್ಲ. ಮುಂದೇನಾಯಿತು ಅಂತ ವರ್ಣಿಸಲು ನನ್ನ ಹತ್ತಿರ ಮಾತಿಲ್ಲ. ಬಹುಶಃ ಆ ಇಡೀ ದಿನದಲ್ಲಿ ನಾನು ಬಾಯಿ ಮುಚ್ಚಿದ್ದು ಆ ಒಂದೇ ಗಳಿಗೆ. ಮೂವರ ಬೆನ್ನೂ ಒಟ್ಟಿಗೆ ಸೀಟಿಗೆ ಅಂಟಿಕೊಂಡವು. ಚಟ್ನಿ ಡಬ್ಬಿ ಉರುಳಿತು. ಎದುರಿಗೆ ಒಂದು ಟ್ರ್ಯಾಕ್ಟರ್ ಕಂಡು ಬ್ರೇಕ್ ಹಿಡಿದೆ, ಕಾರು ನಾನು ಹೇಳಿದ ಜಾಗದಲ್ಲೇ ನಿಧಾನವಾಯಿತು.

"ಥೂ, ಹಿಂದಿಂದ ಯಾರೋ ಗುದ್ದಿದಂಗಾತು," ಅಂದಳು ಅವ್ವ. ಆದರೆ ಈ ಸಲ ಅವಳ ಬಾಯಿ ಬೈಯುತ್ತಿದ್ದರೂ ಕಣ್ಣುಗಳು ನಗುತ್ತಿದ್ದವು.

ಹಿಂದಿನಿಂದ ಸಣ್ಣ ದನಿ ಬಂತು: "ತಮ್ಮಾ... ಇನ್ನೊಮ್ಮಿ ಮಾಡು."

ಇನ್ನೊಮ್ಮೆ ಮಾಡಿದೆ. ಇನ್ನೊಂದು ಸಲವೂ ಮಾಡಿದೆ. ಲಿಂಗಸುಗೂರು ಬೇಗ ಬಂದುಬಿಟ್ಟಿತು.

ಚಿಕ್ಕವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಚಹಾ ಕೊಟ್ಟಳು. ಖಾಜಾಸಾಬರು ಮಿರ್ಚಿ ಮುಟ್ಟಲಿಲ್ಲ. ಅಂಗಳಕ್ಕೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಆಮೇಲೆ ಮನೆಗೆ ಫೋನ್ ಮಾಡಿದರು. ಕಿಟಕಿಯಿಂದ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು: "ಗಾಡಿ ನೈ ಬೇಚ್ನಾ. ಕೌನ್ ಬೀ ಪೂಛೇ ತೋ ನಕ್ಕೋ ಬೋಲ್."

ಯಾರು ಕೇಳಿದರೂ ಕೊಡುವುದಿಲ್ಲ ಅನ್ನು, ಅಂತ. ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

ಒಳಗೆ ಬಂದು ಅವರು ಕೈ ಮುಗಿದರು. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಎರಡು ವರ್ಷ ಮನ್ಯಾಗ ಇಟ್ಕೊಂಡು ನಂಗ ಇದು ಏನಂತ ಗೊತ್ತಿರಲಿಲ್ಲ. ನಿಮ್ಮ ಮಗ ಕಣ್ಣು ತೆರೆಸ್ಯಾನ. ಬಾಳ ಶಾಣ್ಯಾ ಇದ್ದಾನ."

ಅವರು ಅತ್ತ ಹೋದ ಕೂಡಲೇ ಅವ್ವ ನನ್ನ ಕಡೆ ತಿರುಗಿದಳು. "ಶಾಣ್ಯಾ ಅಂತ, ಶಾಣ್ಯಾ! ಲೇ ಶರಣ, ಸಿಂಧನೂರಾಗ ಬಾಗಿಲು ತೆರೆದು ಕುಂತಾಗಲೇ ನಂಗ ಗಾಡಿ ಮನಸಿಗೆ ಬಂದಿತ್ತು. ಕಾಲು ನೋಯಲಿಲ್ಲ, ಏನಿಲ್ಲ."

"ಮತ್ತ ಆ ಪರಿ ಬೈಯಾಕತ್ತಿದ್ದಿಯಲ್ಲ!"

"ಬೈದೇ ತಗೋಬೇಕಲೇ! ಸೀರಿ ಅಂಗಡ್ಯಾಗ ಮನಸಿಗೆ ಬಂದ ಸೀರಿನ್ನ ಮೊದಲು ಬಾಜೂಕ ದಬ್ಬತೀವಿ. ಸಂತ್ಯಾಗ ನಿಮ್ಮಜ್ಜ ಚೊಲೋ ಎತ್ತು ಕಂಡ್ರ ಮೊದಲು ಅದರ ಕೋಡಿಗೆ ಬೈತಿದ್ದ. ನಾ ಒಂದು ಐಬು ತೆಗದ್ರ ನೀ ಹತ್ತು ಗುಣ ಹೇಳ್ತಿ. ಚಿವುಟಿದ್ರ ತಿಳಿವಲ್ದು. ನೀ ಯಾರ ಕಡೀಂದ ಬಂದಿದ್ದಿ, ನಮ್ಮ ಕಡೀಂದೋ, ಅವರ ಕಡೀಂದೋ?"

ಹತ್ತು ವರ್ಷದಿಂದ ಅಂಗಡಿಯಲ್ಲಿ ಕೂರುವವನು ನಾನು. ಪೆನ್ನಿನಲ್ಲಿ ಐಬು ಹುಡುಕಿದವನೇ ಪೆನ್ನು ಒಯ್ಯುತ್ತಾನೆ, ಹೊಗಳಿದವನು ನಾಳೆ ಬರುತ್ತೇನೆ ಅಂತ ಹೋಗುತ್ತಾನೆ ಎಂಬುದನ್ನು ದಿನಾ ನೋಡಿದವನು. ಯಾವ ಫೋನೂ ಹೇಳಿಕೊಡದಿದ್ದರಿಂದ ಅದನ್ನು ವಿದ್ಯೆ ಅಂತ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ವಾಪಸ್ಸು ಬರುವಾಗ ಸ್ಟೇರಿಂಗಿಗೆ ಖಾಜಾಸಾಬರು ಕೂತರು. ಅವ್ವ ಅವರ ಪಕ್ಕದಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಅವರು ಅವ್ವನಿಗೆ ಕಾರಿನ ಪಾಠ ಮಾಡಿದರು. "ಅಕ್ಕಾರ, ಇದು ಸಪ್ಪಳ ಅಲ್ರಿ, ಎಂಜಿನ್ ದನಿ. ರಸ್ತೆ ಕಲ್ಲು ಅಂಗೈಗೆ ಗೊತ್ತಾಗಬೇಕ್ರಿ." ನನ್ನದೇ ಮಾತು, ಒಂದಕ್ಷರ ಬಿಟ್ಟಿರಲಿಲ್ಲ. ಹಿಂದೆ ಕೂತಾಗ ತಿಳಿಯಿತು, ಆ ಸಸ್ಪೆನ್ಶನ್ ನಿಜಕ್ಕೂ ನಡು ಮುರಿಯುತ್ತದೆ.

ನಿಮ್ಮಲ್ಲಿ ಯಾರಾದರೂ ಕೊಳ್ಳಲು ಹೋದ ಸಾಮಾನನ್ನು ಅದರ ಮಾಲೀಕನಿಗೇ ಮಾರಿ ಬಂದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಒಬ್ಬನೇ ಇದ್ದೇನೆ ಅನ್ನುವ ಭಾವನೆಯಾದರೂ ಹೋಗಲಿ. ಮಾರುವುದಕ್ಕೆ ಕಾರು ಇದ್ದರೆ ಮಾತ್ರ ನೇರವಾಗಿ ಅವ್ವನಿಗೆ ಹೇಳಿ. ನೋಡಲು ಅವಳೇ ಬರುತ್ತಾಳಂತೆ. ನಾನೂ ಬರಬಹುದು, ಆದರೆ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಬರಬೇಕಂತೆ.