ನಡಿಗೆ ಸ್ಪರ್ಧೆಯಲ್ಲಿ ನಡೆದವನು ನಾನೊಬ್ಬನೇ

ನ್ಯಾಯವಾಗಿ ಏನಾದರೂ ಮಾಡಲು ಹೊರಟಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಸುಂಟಿಕೊಪ್ಪದ ನಮ್ಮ ಆಫೀಸಿನಲ್ಲಿ ಎಲ್ಲರ ಹೊಟ್ಟೆಯೂ ಮೇಜಿಗೆ ತಾಗತೊಡಗಿದ್ದನ್ನು ಕಂಡು ಮ್ಯಾನೇಜರು ಒಂದು ತಿಂಗಳ ನಡಿಗೆ ಸ್ಪರ್ಧೆ ಇಟ್ಟರು. ಹೆಜ್ಜೆ ಎಣಿಸುವುದು ಮೊಬೈಲು. ಗೆದ್ದವರಿಗೆ ಒಂದು ಜೊತೆ ಒಳ್ಳೆಯ ಶೂ. ನಾನೇ ತರುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟೆ. ಹೆಂಡತಿ ನಕ್ಕಳು. ಅದಕ್ಕೇ ಹಠ ಹಿಡಿದೆ.

ಕೂತಲ್ಲೇ ನಡಿಗೆ

ನಮ್ಮ ಅಕೌಂಟೆಂಟ್ ವಿರಾಜಪೇಟೆಯಿಂದ ಬಸ್ಸಿನಲ್ಲಿ ಬರುವವರು. ಸೀಟು ಸಿಕ್ಕರೆ ನಿದ್ದೆಯೇ. ಆದರೂ ಆಫೀಸಿಗೆ ಬರುವಷ್ಟರಲ್ಲಿ ಅವರ ಹೆಜ್ಜೆ ನನ್ನದಕ್ಕಿಂತ ಮುಂದೆ. ಗುಂಡಿಗೆ ಬಿದ್ದು ಬಸ್ಸು ಕುಲುಕಿದಾಗಲೆಲ್ಲ ಮೊಬೈಲು ಅದನ್ನೂ ಹೆಜ್ಜೆಯೆಂದೇ ಎಣಿಸುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ಮನೆ ಹತ್ತಿರದ ದಿಬ್ಬ ಹತ್ತಿಳಿದು ಏದುಸಿರು ಬಿಡುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. "ಇದು ಮೋಸ" ಎಂದೆ.

"ಎಂಥ ಮೋಸ ಸಾರ್? ಮೈಕೈ ನೋವು ನಿಮಗಿಂತ ನಂಗೇ ಜಾಸ್ತಿ" ಎಂದರು.

ವಾಲಗ

ನಮ್ಮ ಗುಮಾಸ್ತ ಕೊಡವರವನು. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಅವನ ಕೈಕಾಲು ನಿಲ್ಲುವುದಿಲ್ಲ. ಒಂದೇ ಭಾನುವಾರ ಎರಡು ಮದುವೆಯಲ್ಲಿ ಕುಣಿದು ಸೋಮವಾರ ಎಲ್ಲರಿಗಿಂತ ಮುಂದಿದ್ದ. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಇದು ನಡಿಗೆ ಸ್ಪರ್ಧೆ. ಒಂದೇ ಜಾಗದಲ್ಲಿ ಕುಣಿದರೆ ಎಲ್ಲಿಗೆ ಹೋದ ಹಾಗಾಯ್ತು?"

"ನೀವಾದ್ರೂ ಬೆಳಿಗ್ಗೆ ನಡೆದು ಎಲ್ಲಿಗೆ ಹೋದ್ರಿ ಸಾರ್? ವಾಪಸ್ ಮನೆಗೇ ಬಂದ್ರಲ್ಲ."

ಕೊನೆಯ ಸಂಜೆ

ಕೊನೆಯ ದಿನದ ಹೊತ್ತಿಗೆ ನಾನು ಗುಮಾಸ್ತನ ಬೆನ್ನ ಹಿಂದೆಯೇ ಇದ್ದೆ. ಆ ಸಂಜೆ ಮನೆಯವರೆಗೆ ನಡೆದರೆ ಶೂ ನನ್ನದೇ. ಸ್ಕೂಟರ್ ಆಫೀಸಿನಲ್ಲೇ ಬಿಟ್ಟು ಹೊರಟೆ. ಆದರೆ ನಮ್ಮ ಕಡೆ ಪರಿಚಯದವರು ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸದೆ ಹೋಗುವವರಿಲ್ಲ. ಹತ್ತದಿದ್ದರೆ ಅವರಿಗೆ ಬೇಸರ.

ಮೊದಲು ಪಿಕಪ್ಪಿನವನು ನಿಲ್ಲಿಸಿದ. "ಸ್ಕೂಟರ್ ಎಲ್ಲಿ ಸಾರ್, ಮಾರಿದ್ರಾ?" ಹೇಗೋ ಕಳಿಸಿದೆ. ಆಮೇಲೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬೈಕ್ ನಿಲ್ಲಿಸಿ, "ಮನೇಲಿ ಏನಾದ್ರೂ ಜಗಳವಾ?" ಎಂದು ಮೆಲ್ಲಗೆ ಕೇಳಿದರು. ಅವರನ್ನೂ ಕಳಿಸಿದೆ. ಮೂರನೆಯದು ಜೀಪು. ಒಳಗೆ ನಮ್ಮ ಮ್ಯಾನೇಜರು.

"ಹತ್ರೀ."

"ಸಾರ್, ಸ್ಪರ್ಧೆ..."

"ಎಂಥ ಸ್ಪರ್ಧೆ? ನಮ್ಮ ಸ್ಟಾಫು ರೋಡಲ್ಲಿ ನಡ್ಕೊಂಡು ಹೋದ್ರೆ ಊರವರು ಏನಂದ್ಕೊಳ್ತಾರೆ? ಮುಂದೆ ತಿರುವಲ್ಲಿ ಆನೆ ಬೇರೆ ಇದೆಯಂತೆ. ಹತ್ರೀ."

ಹತ್ತಿದೆ. ನನ್ನ ಗ್ರಹಚಾರಕ್ಕೆ ಆ ರಸ್ತೆಗೆ ಆಗಷ್ಟೇ ಹೊಸ ಡಾಂಬರು ಹಾಕಿದ್ದರು. ಮನೆಯವರೆಗೂ ಒಂದು ಕುಲುಕಾಟವೂ ಸಿಗಲಿಲ್ಲ.

ಮರುದಿನ ಶೂ ಗುಮಾಸ್ತನ ಪಾಲಾಯಿತು. ಅದನ್ನು ಕೊಟ್ಟ ಮ್ಯಾನೇಜರು ಎಲ್ಲರೆದುರು ನನ್ನ ಕಡೆ ತಿರುಗಿದರು.

"ನೀವೂ ಸ್ವಲ್ಪ ನಡೀಬೇಕು ರೀ. ನಿನ್ನೆ ನಾನೇ ನೋಡಿದ್ನಲ್ಲ, ಜೀಪಲ್ಲಿ ಕೂತ್ಕೊಂಡು ಹೋಗ್ತಾ ಇದ್ರಿ."